ಎದುರಿಗೆ ಬರುವ ಹಡಗಿನ ವೇಗ

ಡಿಪೋದ ಹಾಜರಿ ಪುಸ್ತಕದಲ್ಲಿ ಅವರಿಗೊಂದು ಹೆಸರಿತ್ತು. ಅದನ್ನು ಯಾರೂ ಬಳಸುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವರು ಅವಸರಪ್ಪ. ಬಸ್ ಡ್ರೈವರು, ಇಪ್ಪತ್ತೆರಡು ವರ್ಷದ ಸರ್ವೀಸು. ಚಹಾ ಇನ್ನೂ ಹೊಗೆಯಾಡುತ್ತಿರುವಾಗಲೇ ಕುಡಿದು, ಲೋಟ ಕೆಳಗಿಡುವ ಮೊದಲೇ ಎದ್ದು ನಿಲ್ಲುವ ಮನುಷ್ಯ. ಅಂಗಿಯ ಗುಂಡಿ ಹಾಕಿಕೊಳ್ಳುವುದು ಮೆಟ್ಟಿಲಿಳಿಯುತ್ತಾ, ತಲೆ ಬಾಚಿಕೊಳ್ಳುವುದು ಬಸ್ಸಿನ ಕನ್ನಡಿಯಲ್ಲಿ. ಯಾರಾದರೂ ಮಾತು ಶುರುಮಾಡಿದರೆ ಅದರ ಕೊನೆಯನ್ನು ಇವರೇ ಹೇಳಿ ಮುಗಿಸಿಬಿಡುತ್ತಿದ್ದರು, ಹತ್ತರಲ್ಲಿ ಆರು ಸಲ ತಪ್ಪಾಗಿ.

ಸ್ಟಿಯರಿಂಗ್ ಹಿಡಿದ ಮೇಲೆ ಮಾತ್ರ ಆಸಾಮಿ ಬೇರೆ. ಅಲ್ಲಿ ಅವಸರ ಹತ್ತಿರ ಸುಳಿಯುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವರ ಬಸ್ಸಿನ ಮೈಮೇಲೆ ಒಂದು ಗೀರು ಬಿದ್ದಿರಲಿಲ್ಲ. ಆ ಹೆಮ್ಮೆ ಅವರಿಗಿಂತ ಡಿಪೋದವರಾದ ನಮಗೇ ಹೆಚ್ಚಿತ್ತು.

ಹಾಗಿರುವಾಗ ಒಂದು ಮಧ್ಯಾಹ್ನ, ಊರ ಹೊರಗಿನ ನೇರ ರಸ್ತೆಯಲ್ಲಿ, ಒಳ್ಳೆ ಬೆಳಕಿನಲ್ಲಿ, ಆಗಬಾರದ್ದು ಆಯಿತು. ಮುಂದೆ ಮರದ ದಿಮ್ಮಿ ತುಂಬಿಕೊಂಡ ಟ್ರ್ಯಾಕ್ಟರ್ ತೆವಳುತ್ತಿತ್ತು. ದೂರದ ತಿರುವಿನಲ್ಲಿ ಒಂದು ಲಾರಿ ಕಾಣಿಸಿತು. ಬೇಕಾದಷ್ಟು ಜಾಗ ಇದೆ ಅಂತ ಅವಸರಪ್ಪ ಟ್ರ್ಯಾಕ್ಟರನ್ನು ದಾಟಲು ಹೊರಟರು. ಅರ್ಧ ದಾಟುವಷ್ಟರಲ್ಲಿ ಲಾರಿ ಮೂಗಿನ ಮುಂದಿತ್ತು. ಡಿಕ್ಕಿ ತಪ್ಪಿಸಲು ಲಾರಿಯವನು ರಸ್ತೆ ಬಿಟ್ಟು ಪಕ್ಕಕ್ಕೆ ಇಳಿಸಿದ. ಲಾರಿ ಮಗುಚಿತು, ಅವನ ಭುಜದ ಮೂಳೆ ಮುರಿಯಿತು. ಬಸ್ಸಿನಲ್ಲಿದ್ದ ನಲವತ್ತೊಂದು ಜನರಿಗೆ ತರಚು ಗಾಯ ಬಿಟ್ಟರೆ ಏನೂ ಆಗಲಿಲ್ಲ.

ಅವಸರಪ್ಪ ತಮ್ಮ ಹೇಳಿಕೆಯಲ್ಲಿ ಬರೆದುಕೊಟ್ಟದ್ದು ಇಷ್ಟು: ಲಾರಿ ನಿಧಾನಕ್ಕೆ ಬರುತ್ತಿತ್ತು, ನನ್ನನ್ನು ಕಂಡ ಮೇಲೆ ಇದ್ದಕ್ಕಿದ್ದಂತೆ ವೇಗ ಹೆಚ್ಚಿಸಿತು. ಮುಂದಿನ ಸೀಟಿನ ಇಬ್ಬರು ಪ್ರಯಾಣಿಕರೂ ಅದನ್ನೇ ಹೇಳಿದರು. ವೇಗ ಹೆಚ್ಚಿಸಲೇ ಇಲ್ಲ, ಬರುತ್ತಿದ್ದ ಹಾಗೇ ಬಂದೆ ಅಂತ ಲಾರಿಯವನು ಆಸ್ಪತ್ರೆಯ ಮಂಚದ ಮೇಲಿಂದ ಹೇಳಿದ. ಒಬ್ಬನ ಮಾತಿಗೆ ಮೂವರ ಮಾತು ಎದುರು. ಅವನ ಲೈಸೆನ್ಸು ಕಚೇರಿಯ ಕಪಾಟು ಸೇರಿತು, ಲಾರಿ ಮಾಲೀಕ ಅವನನ್ನು ಕೆಲಸದಿಂದ ಬಿಡಿಸಿದ.

ವಿಚಾರಣೆ ಮುಗಿಯುವ ತನಕ ಅವಸರಪ್ಪ ಬಸ್ಸು ಮುಟ್ಟುವಂತಿರಲಿಲ್ಲ. ಅವರನ್ನು ನನ್ನ ಕೊಠಡಿಗೆ ಹಾಕಿದರು. ಪ್ರಯಾಣಿಕರು ಬಸ್ಸಿನಲ್ಲಿ ಮರೆತುಹೋದ ಸಾಮಾನು ಬಂದು ಬೀಳುವ ಕೊಠಡಿ ಅದು. ಹದಿನೈದು ವರ್ಷದಿಂದ ಅದರ ಬೀಗದ ಕೈ ನನ್ನ ಸೊಂಟದಲ್ಲಿದೆ. ಕೊಡೆ, ಊಟದ ಡಬ್ಬಿ, ಊರುಗೋಲು, ಒಂಟಿ ಬೂಟು, ಒಮ್ಮೆ ಒಂದು ಹಲ್ಲಿನ ಸೆಟ್ಟು ಕೂಡ. ಅಲ್ಲಿ ಒಬ್ಬನಿಗೇ ಕೆಲಸ ಕಡಿಮೆ. ಅವಸರಪ್ಪ ಮೊದಲ ದಿನ ಕೊಡೆಗಳನ್ನೆಲ್ಲ ಬಣ್ಣದ ಪ್ರಕಾರ ಜೋಡಿಸಿದರು. ಎರಡನೇ ದಿನ ಉದ್ದದ ಪ್ರಕಾರ. ಮೂರನೇ ದಿನ ಹಿಡಿಕೆಯ ಪ್ರಕಾರ. ನಾಲ್ಕನೇ ದಿನದಿಂದ ಕಿಟಕಿಯ ಸರಳು ಹಿಡಿದು ನಿಂತು, ಹೊರಗೆ ಹೋಗುವ ಪ್ರತಿ ಬಸ್ಸು ಎಷ್ಟು ತಡ ಅಂತ ನನಗೆ ವರದಿ ಕೊಡಲು ಶುರುಮಾಡಿದರು. ಕೂತರೆ ಕಾಲು ಕುಣಿಯುತ್ತಿತ್ತು. ಮೇಜು ಅದುರಿ ನನ್ನ ಅಕ್ಷರವೆಲ್ಲ ಸೊಟ್ಟಗಾಗುತ್ತಿತ್ತು.

ಒಳಗೊಳಗೇ ಕೊರೆಯುತ್ತಿದ್ದದ್ದು ಒಂದೇ ಪ್ರಶ್ನೆ. ಲಾರಿಯೇ ವೇಗ ಹೆಚ್ಚಿಸಿರಲಿ, ಇಷ್ಟು ವರ್ಷ ಮೋಸ ಮಾಡದ ಕಣ್ಣು ಅವತ್ತು ಅದನ್ನು ಮೊದಲೇ ಯಾಕೆ ಹಿಡಿಯಲಿಲ್ಲ? ಅವರ ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ ಮಾಡುತ್ತಿದ್ದರು. ಅವಸರಪ್ಪ ಒಂದು ತಿಂಗಳಲ್ಲಿ ಮೂರು ಸಲ ಆ ಅಂಗಡಿಗೆ ಹೋಗಿ ಕಣ್ಣು ಪರೀಕ್ಷೆ ಮಾಡಿಸಿಕೊಂಡರು. ಮೂರು ಸಲವೂ ಕೊನೆಯ ಸಾಲಿನ ಸಣ್ಣಕ್ಷರದವರೆಗೆ ಓದಿದರು. ಪರೀಕ್ಷೆ ಮಾಡುವವರು ಮೂರನೇ ಸಲ, ಇನ್ನು ಕೆಳಗೆ ಓದಬೇಕಾದರೆ ಅಕ್ಷರದ ಹಲಗೆ ತಯಾರಿಸಿದ ಕಂಪನಿಯ ವಿಳಾಸವೊಂದೇ ಬಾಕಿ ಅಂದರಂತೆ.

ಮನೆಯಲ್ಲೂ ಇದೇ ಗೋಳು. ನಲ್ಲಿ ಬಿಚ್ಚಿ ಜೋಡಿಸುವುದು, ಬಾಗಿಲಿನ ತಿರುಪು ಬಿಗಿಮಾಡುವುದು, ಬಿಗಿಮಾಡಿದ್ದನ್ನು ಸಡಿಲಿಸುವುದು. ಹೆಂಡತಿಯ ತಮ್ಮ ಅವರ ಮಹಡಿಯ ಕೋಣೆಯಲ್ಲೇ ಇದ್ದ. ಕಂಪ್ಯೂಟರ್ ರಿಪೇರಿಯವನು, ಮದುವೆಯ ಮಾತೆತ್ತಿದರೆ ಮೆಟ್ಟಿಲು ಹತ್ತಿಬಿಡುವ ಮೂವತ್ತೈದರ ಬ್ರಹ್ಮಚಾರಿ. ಭಾವನನ್ನು ಒಂದು ಕಡೆ ಕೂರಿಸದಿದ್ದರೆ ಮನೆಯ ತಿರುಪುಗಳೆಲ್ಲ ಸವೆದುಹೋಗುತ್ತವೆ ಅಂತ ಅವನಿಗೆ ಅನ್ನಿಸಿತು. ಒಂದು ಭಾನುವಾರ ಅವರನ್ನು ಮೇಲೆ ಕರೆದು ಒಂದು ಆಟ ಹಾಕಿಕೊಟ್ಟ. ಸಬ್‌ಮರೀನಿನ ಆಟ. ನೀರೊಳಗೆ ಅಡಗಿ, ಪೆರಿಸ್ಕೋಪಿನ ಕೊಳವೆಯನ್ನು ಮಾತ್ರ ಮೇಲೆತ್ತಿ, ಹೋಗುವ ಹಡಗಿಗೆ ಟಾರ್ಪಿಡೊ, ಅಂದರೆ ನೀರೊಳಗೆ ಈಜುವ ಬಾಂಬು, ಹೊಡೆಯುವುದು.

ಮಕ್ಕಳಾಟ ಅಂತ ಅವಸರಪ್ಪ ಮೂಗು ಮುರಿದರು. ಆಮೇಲೆ ಐದು ಟಾರ್ಪಿಡೊ ಹೊಡೆದರು. ಐದೂ ಸಮುದ್ರದ ಪಾಲಾದವು.

ಗುರಿ ಹಿಡಿಯುವ ಕೆಲಸವನ್ನು ಆಟವೇ ಮಾಡಿಕೊಡುತ್ತದೆ, ಆ ಸೌಲಭ್ಯ ಹಾಕಿಕೊಡಲಾ ಅಂತ ಭಾಮೈದ ಕೇಳಿದ. ಇಪ್ಪತ್ತೆರಡು ವರ್ಷ ಕಣ್ಣಳತೆಯಲ್ಲೇ ಬಸ್ಸು ಓಡಿಸಿದವರಿಗೆ ಅದು ಅವಮಾನ. ಬೇಡ, ಲೆಕ್ಕ ಹೇಳಿಕೊಡು ಅಂದರು.

ಲೆಕ್ಕ ಅಂಥ ಕಷ್ಟದ್ದಲ್ಲ. ಪೆರಿಸ್ಕೋಪಿನ ಗಾಜಿನ ಮೇಲೆ ಅಳತೆಯ ಗೆರೆಗಳಿರುತ್ತವೆ. ಒಂದು ಗೆರೆಯ ಅಂತರವೆಂದರೆ ಒಂದು ಕಿಲೋಮೀಟರ್ ದೂರದಲ್ಲಿ ಹತ್ತು ಮೀಟರ್ ಎತ್ತರ. ಹಡಗುಗಳ ಪುಸ್ತಕ ತೆರೆದರೆ ಯಾವ ಹಡಗಿನ ಕಂಬ ಎಷ್ಟು ಎತ್ತರ, ಹಡಗು ಎಷ್ಟು ಉದ್ದ ಅನ್ನುವುದು ಸಿಗುತ್ತದೆ. ಮೂವತ್ತು ಮೀಟರಿನ ಕಂಬ ಮೂರು ಗೆರೆಯಷ್ಟು ಕಂಡರೆ ಹಡಗು ಒಂದು ಕಿಲೋಮೀಟರ್ ದೂರ; ಒಂದೂವರೆ ಗೆರೆಯಷ್ಟೇ ಕಂಡರೆ ಎರಡು ಕಿಲೋಮೀಟರ್. ದೂರ ಸಿಕ್ಕಿತು. ಇನ್ನು ವೇಗ.

"ಭಾವ, ಮೊದಲು ನಿಲ್ಲಿಸೋದು ಕಲೀರಿ," ಅಂದ ಭಾಮೈದ. "ನಾವು ನಿಂತ್ರೇನೇ ಅವರ ವೇಗ ಸಿಗೋದು."

ಸಬ್‌ಮರೀನನ್ನು ನಿಲ್ಲಿಸಿ, ಪೆರಿಸ್ಕೋಪನ್ನು ಅಲುಗಾಡಿಸದೆ ಕಾಯಬೇಕು. ಹಡಗಿನ ಮೂತಿ ಗಾಜಿನ ನಡುಗೆರೆ ಮುಟ್ಟಿದಾಗ ಗಡಿಯಾರ ಒತ್ತಬೇಕು, ಬಾಲ ದಾಟಿದಾಗ ಮತ್ತೆ ಒತ್ತಬೇಕು. ನೂರಿಪ್ಪತ್ತು ಮೀಟರ್ ಹಡಗು ಇಪ್ಪತ್ತನಾಲ್ಕು ಸೆಕೆಂಡಿನಲ್ಲಿ ದಾಟಿತು ಅಂದರೆ ಸೆಕೆಂಡಿಗೆ ಐದು ಮೀಟರ್. ಹಡಗಿನವರ ಲೆಕ್ಕದಲ್ಲಿ ಹೆಚ್ಚುಕಡಿಮೆ ಹತ್ತು ನಾಟ್. ಟಾರ್ಪಿಡೊ ಒಂದೂವರೆ ಕಿಲೋಮೀಟರ್ ಈಜಲು ನೂರು ಸೆಕೆಂಡು ಬೇಕು. ಅಷ್ಟರಲ್ಲಿ ಹಡಗು ಐನೂರು ಮೀಟರ್ ಮುಂದೆ ಹೋಗಿರುತ್ತದೆ. ಹೊಡೆಯಬೇಕಾದದ್ದು ಹಡಗಿಗಲ್ಲ, ಅದು ಹೋಗಿ ಸೇರುವ ನೀರಿಗೆ. ವೇಗವನ್ನು ಮೂರು ನಾಟ್ ಕಡಿಮೆ ಹಿಡಿದರೆ ಟಾರ್ಪಿಡೊ ಬಾಲದ ಹಿಂದಿನಿಂದ ಸುಮ್ಮನೆ ಹಾದುಹೋಗುತ್ತದೆ.

ಇಪ್ಪತ್ತನಾಲ್ಕು ಸೆಕೆಂಡು ಅಲುಗಾಡದೆ ಕೂರುವುದು. ಅವಸರಪ್ಪನವರಿಗೆ ಅದೇ ದೊಡ್ಡ ಶಿಕ್ಷೆ. ಹಡಗಿನ ಬಾಲ ಬರುವ ಮೊದಲೇ ಬೆರಳು ಒತ್ತಿಬಿಡುತ್ತಿತ್ತು. ಬೆರಳಿಗೆ ಬೈದುಕೊಂಡು ಮತ್ತೆ ಶುರುಮಾಡುತ್ತಿದ್ದರು. ಆದರೂ ಬಿಡಲಿಲ್ಲ. ಸಂಜೆ ಕೆಲಸದಿಂದ ಬಂದವರು ಚಪ್ಪಲಿ ಬಿಟ್ಟು ನೇರ ಮಹಡಿಗೆ. ಒಂದು ಹಳೆಯ ಪುಸ್ತಕದಲ್ಲಿ ಎರಡು ಕಾಲಂ ಹಾಕಿದರು: ಒಂದರಲ್ಲಿ ಕಣ್ಣು ಹೇಳಿದ ವೇಗ, ಇನ್ನೊಂದರಲ್ಲಿ ಗಡಿಯಾರ ಹೇಳಿದ ವೇಗ. ಮರುದಿನ ಆ ಪುಸ್ತಕ ಡಿಪೋಗೂ ಬರುತ್ತಿತ್ತು. ಅಡ್ಡಲಾಗಿ ಹೋಗುವ ಹಡಗುಗಳ ವೇಗವನ್ನು ಮೂರು ವಾರದಲ್ಲಿ ಒಂದು ನಾಟ್ ಆಚೀಚೆ ಇಲ್ಲದಂತೆ ಕಣ್ಣಲ್ಲೇ ಹೇಳುವಷ್ಟಾದರು. ನೋಡಿದಿರಾ, ಕಣ್ಣು ಸರಿಯಾಗೇ ಇದೆ ಅಂತ ನನಗೆ ಪುಟ ತಿರುವಿ ತೋರಿಸಿದರು. ಕಾಲು ಕುಣಿಯುವುದು ಎರಡು ದಿನ ನಿಂತಿತ್ತು.

ಮೂರನೇ ದಿನ ಮತ್ತೆ ಶುರುವಾಯಿತು. ಹಿಂದಿನ ಸಂಜೆ ಭಾಮೈದ ಬೇರೆ ಥರದ ಹಡಗು ಕೊಟ್ಟಿದ್ದ. ಅಡ್ಡ ಹೋಗುವುದಲ್ಲ, ನೇರ ಇವರ ಕಡೆಗೇ ಬರುವುದು. ಹಗಲು, ಶಾಂತ ಸಮುದ್ರ, ಒಂದೇ ಹಡಗು. ಅವಸರಪ್ಪ ನೋಡಿದರು. ಹಡಗು ಗಾಜಿನಲ್ಲಿ ಇದ್ದಲ್ಲೇ ಇತ್ತು. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಮೂರು ನಾಟ್ ಇರಬಹುದು, ಇಲ್ಲಾ ನಿಂತೇಬಿಟ್ಟಿದೆ ಅಂದುಕೊಂಡರು. ಕಾದರು, ಚಡಪಡಿಸಿದರು, ಕುರ್ಚಿ ಹಿಂದೆ ಮುಂದೆ ಎಳೆದರು. ಎಷ್ಟೋ ಹೊತ್ತಿನ ಮೇಲೆ ಆ ಹಡಗು ಒಮ್ಮೆಲೇ ಉಬ್ಬಿತು, ಗಾಜು ತುಂಬಿತು, ಇವರ ತಲೆಯ ಮೇಲೇ ಹಾದು ಸಬ್‌ಮರೀನನ್ನು ಪುಡಿಮಾಡಿತು.

ಕೊನೆಯಲ್ಲಿ ವೇಗ ಜಾಸ್ತಿ ಮಾಡಿತು ನೋಡು ಅಂದರು ಅವಸರಪ್ಪ.

ಇಲ್ಲ ಭಾವ, ಮೊದಲಿಂದ ಕೊನೆವರೆಗೂ ಎಂಟೇ ನಾಟ್, ನಾನೇ ಇಟ್ಟದ್ದು ಅಂದ ಭಾಮೈದ. ನಕ್ಷೆ ತೆಗೆದು ತೋರಿಸಿದ. ನಾಲ್ಕು ನಿಮಿಷಕ್ಕೊಂದು ಕಿಲೋಮೀಟರ್. ಒಂದು ಚೂರೂ ಏರಿಲ್ಲ, ಇಳಿದಿಲ್ಲ.

ಅವಸರಪ್ಪ ನಂಬಲಿಲ್ಲ. ಅದೇ ಹಡಗನ್ನು ಮತ್ತೆ ಬರಿಸಿದರು, ಈ ಸಲ ಗೆರೆಗಳನ್ನು ಎಣಿಸುತ್ತಾ. ನಾಲ್ಕು ಕಿಲೋಮೀಟರಿನಲ್ಲಿ ಕಂಬ ಮುಕ್ಕಾಲು ಗೆರೆ. ನಾಲ್ಕು ನಿಮಿಷ ಕಳೆದು ಮೂರು ಕಿಲೋಮೀಟರಿಗೆ ಬಂದಾಗ ಒಂದು ಗೆರೆ. ಅಷ್ಟು ಹೊತ್ತಿನಲ್ಲಿ ಬೆಳೆದದ್ದು ಕಾಲು ಗೆರೆ. ಯಾವ ಕಣ್ಣಿಗೆ ಕಂಡೀತು? ಎರಡು ಕಿಲೋಮೀಟರಿನಲ್ಲಿ ಒಂದೂವರೆ. ಒಂದರಲ್ಲಿ ಮೂರು. ಆಮೇಲೆ ಬರೀ ಎರಡು ನಿಮಿಷ, ಅರ್ಧ ಕಿಲೋಮೀಟರ್, ಮೂರಿದ್ದದ್ದು ಆರಾಯಿತು. ಹಡಗು ಒಂದೇ ಸಮ ಬಂದಿತ್ತು. ಕಣ್ಣಿಗೆ ಮಾತ್ರ ಅದು ಮೊದಲು ನಿಂತಿತ್ತು, ಕೊನೆಗೆ ಹಾರಿತ್ತು.

ಆ ಪುಟವನ್ನು ಅವರು ನನ್ನ ಮೇಜಿನ ಮೇಲಿಟ್ಟರು. ನಾನು ಓದಿದೆ, ನನಗೆ ಅರ್ಥವಾಗಲಿಲ್ಲ. ಆಮೇಲೆ ಜೇಬಿನಿಂದ ತಮ್ಮ ಹೇಳಿಕೆಯ ಪ್ರತಿ ತೆಗೆದು ಪಕ್ಕದಲ್ಲಿಟ್ಟರು. 'ಇದ್ದಕ್ಕಿದ್ದಂತೆ ವೇಗ ಹೆಚ್ಚಿಸಿತು' ಅನ್ನುವ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಇತ್ತು. ಆಗ ಅರ್ಥವಾಯಿತು.

ಆ ವಾರವೇ ಡಿಪೋದಲ್ಲಿ ಸುದ್ದಿ ಹಬ್ಬಿತ್ತು. ವಿಚಾರಣೆ ಅವಸರಪ್ಪನ ಕಡೆಗೇ ಮುಗಿಯುತ್ತದೆ, ತಪ್ಪು ಲಾರಿಯವನದ್ದು ಅಂತಾಗುತ್ತದೆ, ತಿಂಗಳ ಕೊನೆಗೆ ಬಸ್ಸು ವಾಪಸ್ಸು. ಎಲ್ಲರೂ ಬಂದು ಕೈಕುಲುಕಿದರು. ಅವರು ಕೈ ಕೊಟ್ಟರು, ಮುಖ ಕೊಡಲಿಲ್ಲ. ಕೊಠಡಿಯ ಈ ಗೋಡೆಯಿಂದ ಆ ಗೋಡೆಗೆ ನಡೆದೇ ನಡೆದರು. ಆಟದ ಸಮುದ್ರವನ್ನು ನಂಬಿ ನಿಜದ ರಸ್ತೆಯ ಬಗ್ಗೆ ತೀರ್ಮಾನ ಮಾಡುವುದು ಹೇಗೆ ಅಂತ ಒಮ್ಮೆ ಕೇಳಿದರು. ಮುಂದಿನ ಭಾನುವಾರ ಹೆಂಡತಿಯನ್ನು ಕರೆದುಕೊಂಡು ಆ ರಸ್ತೆಗೇ ಹೋದರು.

ಇದನ್ನು ಅವರ ಹೆಂಡತಿಯೇ ನನಗೆ ಹೇಳಿದ್ದು. ರಸ್ತೆ ಪಕ್ಕದ ವಿದ್ಯುತ್ ಕಂಬಗಳ ನಡುವಿನ ಅಂತರ ಐವತ್ತು ಮೀಟರ್. ಅವಸರಪ್ಪ ಹೆಜ್ಜೆ ಹಾಕಿ ಖಚಿತಮಾಡಿಕೊಂಡರು. ಟ್ರ್ಯಾಕ್ಟರನ್ನು ದಾಟಲು ಹೊರಟ ಜಾಗದಿಂದ ತಿರುವಿಗೆ ಎಂಟು ಅಂತರ, ನಾನ್ನೂರು ಮೀಟರ್. ಹೆಂಡತಿಯನ್ನು ಹಳದಿ ಟವೆಲು ಕೊಟ್ಟು ತಿರುವಿನಲ್ಲಿ ನಿಲ್ಲಿಸಿದರು. ಲಾರಿ ತಿರುವು ದಾಟಿದ ಕೂಡಲೇ ಆಕೆ ಟವೆಲು ಎತ್ತಬೇಕು. ಇವರು ಈ ತುದಿಯಲ್ಲಿ ಮೋರಿಯ ಕಟ್ಟೆಯ ಮೇಲೆ ಕೂತು ಗಡಿಯಾರ ಒತ್ತಿ, ಲಾರಿ ತಮ್ಮ ಮುಂದೆ ಬರುವ ಮೊದಲೇ ಕಣ್ಣು ಹೇಳಿದ ವೇಗವನ್ನು ಬರೆದುಕೊಳ್ಳಬೇಕು. ಹಾದುಹೋಗುವವರು ಆಕೆಯನ್ನು ಲಿಫ್ಟ್ ಕೇಳುವವಳು ಅಂದುಕೊಂಡು ಇಬ್ಬರು ಲಾರಿ ನಿಲ್ಲಿಸಿಯೂ ಬಿಟ್ಟರಂತೆ. ಆ ಎರಡನ್ನು ಲೆಕ್ಕದಿಂದ ಬಿಟ್ಟರು.

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹತ್ತೊಂಬತ್ತು ಲಾರಿ. ಕಣ್ಣು ಹೇಳಿದ್ದು ಗಂಟೆಗೆ ನಲವತ್ತು, ನಲವತ್ತೈದು. ಅಂದರೆ ತಮ್ಮ ತನಕ ಬರಲು ಮೂವತ್ತು ಮೂವತ್ತೈದು ಸೆಕೆಂಡು. ಗಡಿಯಾರ ಹೇಳಿದ್ದು ಹದಿನೆಂಟು, ಹತ್ತೊಂಬತ್ತು ಸೆಕೆಂಡು, ಅಂದರೆ ಗಂಟೆಗೆ ಎಂಬತ್ತರ ಹತ್ತಿರ. ಹತ್ತೊಂಬತ್ತರಲ್ಲಿ ಹದಿನಾರು ಲಾರಿ ಕೊನೆಯ ಎರಡು ಕಂಬದ ಹತ್ತಿರ ಇದ್ದಕ್ಕಿದ್ದಂತೆ ವೇಗ ಹೆಚ್ಚಿಸಿದ ಹಾಗೆ ಅವರಿಗೆ ಕಂಡಿತು. ಹದಿನಾರು ಡ್ರೈವರುಗಳೂ ಒಂದೇ ಜಾಗದಲ್ಲಿ ಆಕ್ಸಿಲರೇಟರ್ ತುಳಿಯಲು ಸಾಧ್ಯವಿಲ್ಲ.

ವಾಪಸ್ಸು ಬರುವ ಬಸ್ಸಿನಲ್ಲಿ ಹೆಂಡತಿ ಟವೆಲು ಮಡಚುತ್ತಾ ಹೇಳಿದರು.

"ರೀ, ಆ ಲಾರಿಯವನು ಸುಳ್ಳು ಹೇಳಿಲ್ಲ ಅಂತಾಯ್ತು."

"ನಾನೂ ಸುಳ್ಳು ಹೇಳಿಲ್ಲ ಕಣೇ."

"ಇಲ್ಲ. ನಿನ್ನೆವರೆಗೂ ಹೇಳಿಲ್ಲ."

ಆ ಒಂದು ಮಾತು ಅವರನ್ನು ಕೂತಲ್ಲಿ ಕೂರಲು ಬಿಡಲಿಲ್ಲ. ಸೋಮವಾರ ಕೊಠಡಿಗೆ ಬಂದವರು ಕುರ್ಚಿಯನ್ನೇ ಮುಟ್ಟದೆ, ಹೇಳಿಕೆ ಬದಲಾಯಿಸುತ್ತೇನೆ ಅಂದರು. ಅವರ ಬಸ್ಸಿನ ಕಂಡಕ್ಟರು ವಿಷಯ ತಿಳಿದು ಓಡಿಬಂದ. ಹನ್ನೊಂದು ವರ್ಷ ಜೊತೆಯಲ್ಲಿ ದುಡಿದವನು, ಇವರನ್ನು ಅಣ್ಣ ಅಂತಲೇ ಕರೆಯುವವನು. ಎಲ್ಲ ಮುಗಿಯುತ್ತಾ ಬಂದಿರುವಾಗ ನೀವೇ ಹೋಗಿ ಕತ್ತು ಕೊಡುತ್ತೀರಾ, ಲಾರಿಯವನು ಇವತ್ತಲ್ಲ ನಾಳೆ ಬೇರೆ ಕಡೆ ಕೆಲಸ ಹುಡುಕಿಕೊಳ್ಳುತ್ತಾನೆ, ಕಂಪ್ಯೂಟರ್ ಆಟ ನೋಡಿ ಹೇಳಿಕೆ ಬದಲಾಯಿಸಿದೆ ಅಂದರೆ ಜನ ನಗುವುದಿಲ್ಲವಾ ಅಂತ ಬಿಡಿಸಿ ಬಿಡಿಸಿ ಹೇಳಿದ. ಅವನ ಮಾತಿನಲ್ಲಿ ಕೆಟ್ಟತನವಿರಲಿಲ್ಲ, ಅಕ್ಕರೆಯೇ ಇತ್ತು. ಅವಸರಪ್ಪ ಎಲ್ಲ ಕೇಳಿದರು. ಮೊದಲ ಬಾರಿಗೆ ಇನ್ನೊಬ್ಬರ ಮಾತಿನ ಕೊನೆಯನ್ನು ತಾವೇ ಮುಗಿಸದೆ ಪೂರ್ತಿ ಕೇಳಿದ್ದನ್ನು ನಾನು ನೋಡಿದೆ.

ಬುಧವಾರ ಅವರು ವಿಚಾರಣಾಧಿಕಾರಿಯ ಕಚೇರಿಗೆ ಹೋದರು. ಒಬ್ಬರೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಕರೆದರು. ಅಧಿಕಾರಿ ಐವತ್ತರ ಹೆಂಗಸು, ಮೇಜಿನ ಮೇಲೆ ಕಡತಗಳ ಗುಡ್ಡೆ. ಅವಸರಪ್ಪ ಎರಡು ಕಾಲಮ್ಮಿನ ಪುಸ್ತಕ ಬಿಡಿಸಿಟ್ಟು, ಹತ್ತೊಂಬತ್ತು ಲಾರಿಗಳನ್ನೂ ಒಂದೊಂದಾಗಿ ಹೇಳಿದರು. ಸಬ್‌ಮರೀನಿನ ವಿಷಯ ಬಂದಾಗ ಆಕೆ ಹುಬ್ಬೇರಿಸಿದರು, ಆದರೆ ನಿಲ್ಲಿಸಲಿಲ್ಲ. ಕೊನೆಗೆ ಪೆನ್ನಿನ ಮುಚ್ಚಳ ಹಾಕಿ ಕೇಳಿದರು.

"ಹಾಗಾದ್ರೆ ನೀವು ಮೊದಲು ಬರೆದುಕೊಟ್ಟದ್ದು ಸುಳ್ಳಾ?"

"ಸುಳ್ಳಲ್ಲ ಮೇಡಂ. ಕಂಡದ್ದನ್ನೇ ಬರೆದೆ. ಕಂಡದ್ದು ತಪ್ಪು."

"ಇದನ್ನ ನಾನು ತಗೊಂಡ್ರೆ ನಿಮಗೇನಾಗುತ್ತೆ ಗೊತ್ತಲ್ವಾ?"

ಗೊತ್ತು ಅಂದರು. ಹೊಸ ಹೇಳಿಕೆ ಬರೆಯಲು ಒಂದು ಗಂಟೆ ಹಿಡಿಯಿತು. ಮೂರು ಹಾಳೆ ಹಾಳಾದವು.

ಆದೇಶ ಬರಲು ಐದು ವಾರವಾಯಿತು. ಲಾರಿಯವನ ಲೈಸೆನ್ಸನ್ನು ವಾಪಸ್ಸು ಕೊಟ್ಟು, ಅವನದ್ದೇನೂ ತಪ್ಪಿಲ್ಲ ಅಂತ ಬರೆದರು. ಅವಸರಪ್ಪನವರು ಒಂದೂವರೆ ವರ್ಷ ಯಾವ ವಾಹನವನ್ನೂ ಓಡಿಸುವಂತಿಲ್ಲ. ಆಮೇಲೆ ಮತ್ತೆ ಪರೀಕ್ಷೆ. ಅಲ್ಲಿಯ ತನಕ ನನ್ನ ಕೊಠಡಿಯೇ ಗತಿ. ಡಿಪೋದಲ್ಲಿ ಕೆಲವರು ಅವರೊಡನೆ ಚಹಾ ಕುಡಿಯುವುದನ್ನು ಬಿಟ್ಟರು. ಕಂಡಕ್ಟರು ಬಿಡಲಿಲ್ಲ, ಆದರೆ ಮೊದಲಿನಷ್ಟು ಮಾತಾಡಲಿಲ್ಲ.

ಆದೇಶ ಬಂದರೆ ಮನಸ್ಸು ನೆಲೆಗೆ ಬರುತ್ತದೆ ಅಂತ ನಾನಂದುಕೊಂಡಿದ್ದೆ. ಬರಲಿಲ್ಲ. ಲಾರಿಯವನ ಮುಖ ನೋಡಬೇಕು ಅಂತ ಹಟ ಹಿಡಿದರು. ವಿಳಾಸ ಹುಡುಕಿ, ಎರಡು ಬಸ್ಸು ಬದಲಾಯಿಸಿ, ಒಂದು ಶನಿವಾರ ಬೆಳಿಗ್ಗೆ ನಾವಿಬ್ಬರೂ ಹೋದೆವು.

ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಬಾಗಿಲು ತೆರೆದೇ ಇತ್ತು. ಒಳಗೆ ಹಗ್ಗ ಬಿಗಿದ ಹಾಸಿಗೆ ಸುರುಳಿ, ಪಾತ್ರೆ ತುಂಬಿದ ರಟ್ಟಿನ ಪೆಟ್ಟಿಗೆಗಳು. ಅವತ್ತು ಅವರು ಮನೆ ಖಾಲಿಮಾಡುತ್ತಿದ್ದರು. ಲಾರಿಯವನಿಗೆ ನಲವತ್ತರ ಒಳಗಿನ ವಯಸ್ಸು. ಎಡ ಭುಜ ಒಂದಿಷ್ಟು ಕೆಳಗಿಳಿದಿತ್ತು. ನಾವು ಯಾರು ಅಂತ ಹೇಳಿದ ಮೇಲೆ ಅವನು ಕೂರಿ ಅನ್ನಲಿಲ್ಲ. ಕೂರಲು ಜಾಗವೂ ಇರಲಿಲ್ಲ. ಅವನ ತಾಯಿ ಒಳಗಿನಿಂದ ಒಮ್ಮೆ ನೋಡಿ, ಮತ್ತೆ ಪೆಟ್ಟಿಗೆಗೆ ಹಗ್ಗ ಸುತ್ತಲು ಹೋದರು.

ಅವಸರಪ್ಪ ಮಾತಾಡಿದರು. ಯಾವತ್ತೂ ಅಷ್ಟು ತಡವರಿಸಿದ್ದನ್ನು ನಾನು ಕಂಡಿರಲಿಲ್ಲ. ಹಡಗು, ಗೆರೆ, ತಿರುವು, ಕಂಬ ಎಲ್ಲ ಹಿಂದುಮುಂದಾಯಿತು. ಲಾರಿಯವನು ಬಾಗಿಲಿನ ಚೌಕಟ್ಟಿಗೆ ಒರಗಿ ಪೂರ್ತಿ ಕೇಳಿಸಿಕೊಂಡ.

"ನಾನು ತುಳೀಲಿಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು," ಅಂದ. "ನಿಮಗೆ ಗೊತ್ತಾಗೋಕೆ ಐದು ತಿಂಗಳು ಬೇಕಾಯ್ತು."

ಅವಸರಪ್ಪ ತಲೆ ತಗ್ಗಿಸಿದರು. ಹೊರಡೋಣ ಅಂತ ನಾನು ಅವರ ತೋಳು ಮುಟ್ಟಿದೆ. ಲಾರಿಯವನು ಬೇರೆ ಊರಿನ ಗೋದಾಮಿನಲ್ಲಿ ಸಾಮಾನು ಎಣಿಸುವ ಕೆಲಸ ಹಿಡಿದಿದ್ದನಂತೆ. ಲೈಸೆನ್ಸು ಬಂದರೂ ಭುಜ ಇನ್ನು ದೊಡ್ಡ ಲಾರಿ ತಾಳುವುದಿಲ್ಲ ಅಂತ ಡಾಕ್ಟರು ಹೇಳಿದ್ದರು. ಇದನ್ನು ಅವನಲ್ಲ, ತಾಯಿ ಹೇಳಿದ್ದು, ಹಗ್ಗದ ಗಂಟು ಬಿಗಿಯುತ್ತಾ, ನಮ್ಮ ಕಡೆ ನೋಡದೆ.

ಕೆಳಗೆ ಬೀದಿಯಲ್ಲಿ ಸಾಮಾನಿನ ಗಾಡಿಯವನು ಹಾರ್ನು ಹೊಡೆದ. ಲಾರಿಯವನು ಗೋಡೆ ಪಕ್ಕದ ಕಬ್ಬಿಣದ ಬೀರುವಿನ ಕಡೆ ನೋಡಿದ, ತನ್ನ ಭುಜ ನೋಡಿಕೊಂಡ. ಆಮೇಲೆ ಅವಸರಪ್ಪನವರನ್ನು.

"ಆ ಕಡೆ ಹಿಡೀತೀರಾ?" ಅಂದ.

ಅವರು ಅಂಗಿಯ ತೋಳು ಮಡಚಿದರು. ಕೆಳಗಿನ ತುದಿ ಅವಸರಪ್ಪ, ಮೇಲಿನ ತುದಿ ನಾನೂ ಲಾರಿಯವನೂ. ಮೆಟ್ಟಿಲು ಇಕ್ಕಟ್ಟು, ಬೀರು ಭಾರ, ಪ್ರತಿ ತಿರುವಿನಲ್ಲೂ ಮೂಲೆ ಗೋಡೆಗೆ ತಾಗುತ್ತಿತ್ತು. ಅವಸರಪ್ಪ ಹಿಮ್ಮುಖವಾಗಿ, ಮೆಟ್ಟಿಲು ಕಾಣದೆ, ಕಾಲಿನಿಂದ ತಡಕುತ್ತಾ ಇಳಿಯುತ್ತಿದ್ದರು. ಇನ್ನೆಷ್ಟು ಮೆಟ್ಟಿಲು ಅಂತ ಕೇಳಿದರು. ಲಾರಿಯವನು ಮೇಲಿನಿಂದ ಬಗ್ಗಿ ನೋಡಿ, ಏಳು ಅಂದ. ಇವರು ಒಂದೊಂದೇ ಎಣಿಸಿಕೊಂಡು ಇಳಿದರು. ಬೀರುವನ್ನು ಗಾಡಿಯೊಳಗಿಟ್ಟು ಇಬ್ಬರೂ ಏದುಸಿರು ಬಿಡುತ್ತಾ ಒಂದು ಕ್ಷಣ ಅಕ್ಕಪಕ್ಕ ನಿಂತರು. ಮೇಲೆ ಇನ್ನೂ ಎರಡು ಮಂಚ, ಒಂದು ಮೇಜು ಇತ್ತು. ಲಾರಿಯವನು ಮೆಟ್ಟಿಲು ಹತ್ತಿದ. ಅವಸರಪ್ಪ ಅವನ ಹಿಂದೆ ಹೋದರು.